ಚೌಕ ಫ್ಲ್ಯಾಂಜು

ಇದನ್ನು ನನಗೆ ಮೊದಲು ಹೇಳಿದವರು ಪಂಪ್‌ಹೌಸಿನ ಕಸ್ತೂರೆವ್ವ. ಇಪ್ಪತ್ತೆಂಟು ವರ್ಷ ಒಂದೇ ಮೋಟಾರನ್ನು ಹಚ್ಚಿ, ಆರಿಸಿ, ಬೈದು, ಎಣ್ಣೆ ಹಾಕಿ ಸಾಕಿದವರು. ನಾನು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಓದಿದವಳು ಎಂದು ತಿಳಿದಾಗ "ಆಗ್ಲಿ ಬಿಡ್ರಿ, ಏನ್ ಮಾಡೂದು" ಎಂದು ಸಮಾಧಾನ ಹೇಳಿ, ಆಮೇಲೆ ಈ ಕಥೆ ಹೇಳಿದರು.

ಹೊಳೆಯ ದಂಡೆಯ ಮೇಲೆ ಒಬ್ಬ ಗುರುಗಳಿದ್ದರು. ಹೆಸರು ಮೌನಪ್ಪ.

ಆಶ್ರಮ ಅಂದರೆ ತಗಡಿನ ಶೆಡ್ಡು. ಒಳಗೆ ಒಂದು ಲೇತು, ಒಂದು ಡ್ರಿಲ್ಲು, ಗೋಡೆಗೆ ಒರಗಿ ನಿಂತ ಪೈಪುಗಳು. ಶಿಷ್ಯರು ಮುಂಜಾನೆ ಎದ್ದು ಮಾಡುವ ಮೊದಲ ಪೂಜೆ ಎಂದರೆ ಕಬ್ಬಿಣದ ಚೂರು ಗುಡಿಸುವುದು.

ಮೌನಪ್ಪನವರು ಮಾಡುತ್ತಿದ್ದುದು ಫ್ಲ್ಯಾಂಜು. ಎರಡು ಪೈಪು ಕೂಡುವಲ್ಲಿ ಒಂದೊಂದರ ಬಾಯಿಗೂ ಒಂದೊಂದು ದಪ್ಪ ಕಬ್ಬಿಣದ ಬಿಲ್ಲೆಯನ್ನು ಬೆಸೆಯುತ್ತಾರೆ. ನಡುವೆ ನೀರಿಗೆ ದೊಡ್ಡ ತೂತು, ಅಂಚಿನ ಸುತ್ತ ಬೋಲ್ಟಿಗೆ ಸಣ್ಣ ತೂತುಗಳು. ಎರಡು ಬಿಲ್ಲೆಗಳನ್ನು ಎದುರುಬದುರು ತಂದು, ನಡುವೆ ರಬ್ಬರಿನ ಪ್ಯಾಕಿಂಗ್ ಇಟ್ಟು, ಬೋಲ್ಟು ಬಿಗಿದರೆ ಎರಡು ಪೈಪು ಒಂದಾಗುತ್ತವೆ. ಆ ಬಿಲ್ಲೆಯೇ ಫ್ಲ್ಯಾಂಜು. ಎಲ್ಲ ಕಡೆಯೂ ದುಂಡಗೇ ಇರುತ್ತದೆ.

ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಪೈಪು ಜೋಡಿಸಿ ನೀರು ಬಿಟ್ಟ ಮೇಲೆ, ಕೂಡಿದ ಸಂದಿನ ಸುತ್ತ ಒಲೆಯ ಬೂದಿ ಹಚ್ಚುವುದು. ಒಂದು ತಾಸು ಬಿಟ್ಟು ನೋಡುವುದು. ಬೂದಿ ಬೆಳ್ಳಗೇ ಇದ್ದರೆ ಕೆಲಸ ಮುಗಿಯಿತು. ಸಾಸಿವೆಯಷ್ಟು ಕಪ್ಪಾದರೂ ಬಿಚ್ಚಬೇಕು.

ಮೌನಪ್ಪನವರ ಬೂದಿ ನಲವತ್ತು ವರ್ಷದಲ್ಲಿ ಕಪ್ಪಾಗಿಲ್ಲ ಎಂದು ಸುತ್ತಲಿನ ಹತ್ತು ಊರಿನವರು ಹೇಳುತ್ತಿದ್ದರು. ಅವರೂ ಅಲ್ಲ ಅನ್ನುತ್ತಿರಲಿಲ್ಲ.

ನಿಂಬೆವ್ವ ಅವರ ಶಿಷ್ಯೆ. ಬಂದು ಏಳು ವರ್ಷ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಬಂದ ವರ್ಷವೇ ಕೇಳಿದ್ದಳು: "ಗುರುಗಳ, ಫ್ಲ್ಯಾಂಜು ಯಾಕ ದುಂಡಗ ಇರತಾವ?"

ಮೌನಪ್ಪನವರು ಎತ್ತಲು ಇಬ್ಬರು ಬೇಕಾಗುವಂಥ ಒಂದು ಫ್ಲ್ಯಾಂಜನ್ನು ನೆಟ್ಟಗೆ ನಿಲ್ಲಿಸಿದರು. "ಇದನ್ನ ಬಾಗಲದ ತನಕಾ ಒಯ್ಯಿ."

ನಿಂಬೆವ್ವ ಒಂದೇ ಕೈಯಲ್ಲಿ ಉರುಳಿಸಿಕೊಂಡು ಹೋದಳು.

"ಉರುಳಸಾಕ ಬರಲಿ ಅಂತೇನ್ರಿ?"

"ಬಾಗಲಾ ಬಂತು. ನಿಲ್ಲಸು."

ಮೂರನೆಯ ವರ್ಷ ಮತ್ತೆ ಕೇಳಿದಳು. ಮೌನಪ್ಪನವರು ಲೇತಿಗೆ ಕಬ್ಬಿಣ ಕಟ್ಟಿ ತಿರುಗಿಸಿದರು. ಅದು ಗರಗರ ತಿರುಗಿತು, ಅಂಚು ದುಂಡಗಾಯಿತು.

"ಲೇತು ತಿರಗತೈತಿ, ಅದಕ್ಕ ದುಂಡಗೇನ್ರಿ?"

"ಕಣ್ಣಿಗೆ ಚೂರು ಸಿಡದೀತು. ಹಿಂದ ಸರಿ."

ಐದನೆಯ ವರ್ಷ ಸಿಟ್ಟಿಗೆದ್ದಳು. "ನೀವು ಇನ್ನೂ ಉತ್ತರಾನ ಹೇಳಿಲ್ಲ."

"ಇಲ್ಲ," ಅಂದರು ಮೌನಪ್ಪನವರು.

ಹೀಗಿರುವಾಗ ಒಂದು ದಿನ ಗುಡ್ಡದ ಮೇಲಿನ ಹಳ್ಳಿಯಿಂದ ದುರುಗವ್ವ ಎಂಬ ಹಿರಿಯಳು ಇಳಿದು ಬಂದಳು. ಅರವತ್ತು ಮನೆಯ ಹಳ್ಳಿ. ಹೆಂಗಸರು ಹೊಳೆಗೆ ಇಳಿದು ಕೊಡ ಹೊತ್ತು ಗುಡ್ಡ ಹತ್ತುತ್ತಿದ್ದರು. ಇಳಿಯಲು ಅರ್ಧ ತಾಸು, ಹತ್ತಲು ಒಂದೂವರೆ ತಾಸು.

"ಎರಡು ಬ್ಯಾಸಿಗಿ ಕುಂತು ನಾವು ಹೆಂಗಸ್ರ ತಗ್ಗು ತೋಡೇವಿ," ಎಂದಳು ದುರುಗವ್ವ. "ಹೊಳಿಯಿಂದ ಊರತನಕಾ. ಮೋಟಾರು ಬಂದೈತಿ, ಪೈಪು ಬಂದಾವ. ಕೂಡಸಾವ್ರು ಬೇಕಾಗ್ಯಾರ."

ಮೌನಪ್ಪನವರು ನಿಂಬೆವ್ವನ ಕಡೆ ತಿರುಗಿದರು.

"ಈ ಲೈನು ನಿಂದು. ಪೈಪು ಕೂಡೂ ಇಪ್ಪತ್ತು ಜೋಡು ಬರತಾವ. ನಾ ಬೋಲ್ಟು ಬಿಗಿಯೂ ಪಾನಾ ಮುಟ್ಟೂದಿಲ್ಲ, ಬಾಯಿ ಹಾಕೂದಿಲ್ಲ. ಇಪ್ಪತ್ತೂ ಜೋಡಿನ ಬೂದಿ ಬೆಳ್ಳಗ ಉಳೀತಂದ್ರ ಅವತ್ತಿಂದ ನೀ ಮಿಸ್ತ್ರಿ. ಒಂದು ಕಪ್ಪಾಗಿ ಅದನ್ನ ಬಿಟ್ಟು ಬಂದಿ ಅಂದ್ರ, ಮತ್ತ ಲೇತಿನ ಮುಂದ ಕುಂದರಬೇಕು."

ಹೊಳೆಯ ಎರಡೂ ದಂಡೆಯಲ್ಲಿ ಅಲ್ಲಿಯ ತನಕ ಮಿಸ್ತ್ರಿ ಅನ್ನಿಸಿಕೊಂಡ ಹೆಂಗಸು ಒಬ್ಬಳೂ ಇರಲಿಲ್ಲ. ನಿಂಬೆವ್ವನಿಗೆ ಅದು ಗೊತ್ತಿತ್ತು. ಬಹಳ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನ ಅಳತೆ ನೋಡಲೆಂದು ಒಂದು ಫ್ಲ್ಯಾಂಜನ್ನು ಗುಡ್ಡದ ಇಳಿಜಾರಿನಲ್ಲಿ ಇಟ್ಟಳು. ಅದು ಕೈಜಾರಿ ಉರುಳಿತು. ಕಲ್ಲಿಂದ ಕಲ್ಲಿಗೆ ನೆಗೆಯಿತು, ದುರುಗವ್ವನ ಪಕ್ಕದಿಂದ ಹಾದು, ಸೀದಾ ಹೊಳೆಗೆ ಬಿತ್ತು.

"ನಿಮ್ಮ ಫ್ಲ್ಯಾಂಜಿಗೆ ಭಾಳ ನೀರಡಿಕಿ ಆಗಿತ್ತು ಕಾಣತೈತಿ," ಎಂದಳು ದುರುಗವ್ವ.

ನಿಂಬೆವ್ವ ನಗಲಿಲ್ಲ. ಯೋಚನೆ ಮಾಡಿದಳು.

ಮರುದಿನ ದಪ್ಪ ಪ್ಲೇಟು ತೆಗೆದುಕೊಂಡು ಗ್ಯಾಸ್ ಕಟ್ಟರಿನಿಂದ ನೆಟ್ಟಗೆ ಗೆರೆ ಎಳೆದು ಚೌಕ ಚೌಕ ಕತ್ತರಿಸಿದಳು. ಒಂದನ್ನು ಗುರುಗಳ ಮುಂದೆ ಇಟ್ಟಳು.

"ನೋಡ್ರಿ. ಉರುಳೂದಿಲ್ಲ. ಪ್ಲೇಟು ಒಂದು ಚೂರೂ ಹಾಳಾಗೂದಿಲ್ಲ. ಲೇತು ಬ್ಯಾಡ. ನಾಕು ಮೂಲಿಗೆ ನಾಕು ಬೋಲ್ಟು. ಇಪ್ಪತ್ತು ದಿನದ ಕೆಲಸ ನಾಕು ದಿನಕ್ಕ."

ಮೌನಪ್ಪನವರು ಅದನ್ನು ತಿರುಗಿಸಿ ನೋಡಿದರು. ನಾಲ್ಕೂ ಮೂಲೆಗಳನ್ನು ಹೆಬ್ಬೆರಳಿನಿಂದ ಮುಟ್ಟಿದರು.

"ಚಂದ ಐತಿ," ಅಂದರು.

"ಮತ್ತ?"

"ಜೋಡಸು. ನೋಡೂಣು."

ಅವರು ಬೇಡ ಅನ್ನುತ್ತಾರೆಂದು ನಿಂಬೆವ್ವ ಆರು ಉತ್ತರ ತಯಾರು ಮಾಡಿಕೊಂಡು ಬಂದಿದ್ದಳು. ಆರೂ ಬಾಯಲ್ಲೇ ಉಳಿದವು.

ಶೆಡ್ಡಿನ ಮೇಲಿನ ತೊಟ್ಟಿಯಿಂದ ನೀರು ಬಿಟ್ಟು ಒಂದು ಜೋಡನ್ನು ಪರೀಕ್ಷೆ ಮಾಡಿದಳು. ಬೂದಿ ಬೆಳ್ಳಗಿತ್ತು.

"ನೋಡಿದ್ರಿಲ್ಲೋ?"

"ನೋಡಿದೆ."

ನಾಲ್ಕೇ ದಿನಕ್ಕೆ ನಲವತ್ತು ಚೌಕ ಫ್ಲ್ಯಾಂಜು ತಯಾರಾದವು. ಪೈಪಿನ ಬಾಯಿಗೆ ಬೆಸೆದು, ತಗ್ಗಿನಲ್ಲಿ ಮಲಗಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಜೋಡಿಸುತ್ತ ಹೋದಳು.

ಒಂಬತ್ತನೆಯ ಜೋಡಿನಲ್ಲಿ ತಗ್ಗು ಸ್ವಲ್ಪ ಹೊರಳಿತ್ತು. ಪೈಪು ತುಸುವೇ ತಿರುಗಬೇಕಿತ್ತು. ಆದರೆ ತಿರುಗಿಸಿದರೆ ಈ ಚೌಕದ ಮೂಲೆ ಆ ಚೌಕದ ಮೂಲೆಗೆ ಕೂಡಲಿಲ್ಲ. ತಿರುಗಿದರೆ ಪೂರ್ತಿ ಕಾಲು ಸುತ್ತು, ಇಲ್ಲದಿದ್ದರೆ ಇಲ್ಲ. ನಿಂಬೆವ್ವ ದೊಡ್ಡ ಸುತ್ತಿಗೆ ತೆಗೆದುಕೊಂಡು ಪೈಪಿಗೆ ನಾಲ್ಕು ಬಿಟ್ಟು ದಾರಿಗೆ ತಂದಳು.

ದಂಡೆಯ ಕಲ್ಲಿನ ಮೇಲೆ ಕೂತಿದ್ದ ಮೌನಪ್ಪನವರು ಆ ಸದ್ದಿಗೆ ತಲೆ ಎತ್ತಿದರು. ಬಾಯಿ ಹಾಕಲಿಲ್ಲ.

ನೀರು ಬಿಡುವ ದಿನ ಅರ್ಧ ಹಳ್ಳಿ ಹೊಳೆಗೆ ಇಳಿದಿತ್ತು. ಇನ್ನರ್ಧ ಮೇಲೆ ಕೊಡ ಹಿಡಿದು ಪೈಪಿನ ಬಾಯಿ ಕಾಯುತ್ತಿತ್ತು.

ಮೋಟಾರು ಹಚ್ಚಿದರು. ನೀರು ಗುಡ್ಡ ಹತ್ತತೊಡಗಿತು. ಪೈಪು ಒಳಗೊಳಗೇ ಗುರುಗುಟ್ಟಿತು.

ಮೇಲಿನ ಜೋಡುಗಳಲ್ಲಿ ಬೂದಿ ಬೆಳ್ಳಗೆ ಇತ್ತು. ಆದರೆ ಕೆಳಗಿನ ಜೋಡುಗಳ ಮೇಲೆ ಇಡೀ ಗುಡ್ಡದಷ್ಟು ನೀರು ಕೂತಿತ್ತು. ಅಲ್ಲಿ ಚೌಕದ ಒಂದು ಬದಿಯ ನಟ್ಟನಡುವೆ ಒಂದು ಕಪ್ಪು ಚುಕ್ಕೆ ಮೂಡಿತು. ಮತ್ತೊಂದು ಬದಿಯಲ್ಲಿ ಮತ್ತೊಂದು. ನಾಲ್ಕು ಬದಿಗೆ ನಾಲ್ಕು. ಬೋಲ್ಟು ಇದ್ದ ಮೂಲೆಗಳು ಮಾತ್ರ ಒಣಗಿ ಬೆಳ್ಳಗೆ, ತಮಗೂ ಇದಕ್ಕೂ ಸಂಬಂಧ ಇಲ್ಲದವರ ಹಾಗೆ ಕೂತಿದ್ದವು.

ನಿಂಬೆವ್ವ ಪಾನಾ ಹಾಕಿ ಬೋಲ್ಟು ಬಿಗಿದಳು. ಇನ್ನೂ ಬಿಗಿದಳು. ಮೂಲೆಗಳು ಒಳಕ್ಕೆ ಬಾಗಿದವು, ಬದಿಗಳ ನಡುವೆ ಸಂದು ಬಾಯಿ ಬಿಟ್ಟಿತು, ನೀರು ಚಿಮ್ಮಿ ದುರುಗವ್ವನ ಮೋರೆಗೆ ಹೊಡೆಯಿತು.

"ಯವ್ವಾ, ನಂದು ಜಳಕ ಆಗೇತಿ," ಎಂದಳು ದುರುಗವ್ವ, ಕಣ್ಣು ಒರೆಸಿಕೊಳ್ಳುತ್ತ.

ಮೋಟಾರು ಆರಿಸಿದರು.

ಗುಂಪಿನಿಂದ ಒಬ್ಬ ಮುಂದೆ ಬಂದು ಮೌನಪ್ಪನವರಿಗೆ ಹೇಳಿದ: "ಹುಡುಗಿ ಕೈಯಾಗ ಕೊಟ್ಟದ್ದ ತಪ್ಪಾತು ನೋಡ್ರಿ. ನೀವ ಮಾಡ್ರಿ ಇನ್ನ."

"ಲೈನು ಆಕೀದು," ಅಂದರು ಮೌನಪ್ಪನವರು. "ಆಕಿನ್ನ ಕೇಳು."

ನಿಂಬೆವ್ವ ಎದ್ದು ನಿಂತಳು. ಮೈಯೆಲ್ಲ ಒದ್ದೆ, ಮೊಣಕೈ ತನಕ ಬೂದಿಯ ಕೆಸರು.

"ತಪ್ಪು ನಂದು," ಅಂದಳು. "ಪೈಪಿಂದಲ್ಲ, ಗುರುಗಳದಲ್ಲ, ಹುಡುಗಿ ಅನ್ನೂದರದೂ ಅಲ್ಲ. ನಾ ಮಾಡೀನಿ, ನಾನ ತಿದ್ದತೀನಿ."

ಮುಂದೆ ಬಂದವನು ಹಿಂದೆ ಹೋದ.

"ತಿದ್ದೂದು ಆಮ್ಯಾಲೆ," ಎಂದಳು ದುರುಗವ್ವ. "ಮದಲ ಉಣ್ಣು. ಹಸದ ತಲಿ ಏನ ತಿದ್ದೀತು?"

ದಂಡೆಯ ಮೇಲೆ ಮೂರು ಕಲ್ಲಿನ ಒಲೆ ಹೂಡಿದ್ದರು. ದುರುಗವ್ವ ಮರದ ಕೊಣಮಿಗೆಯಲ್ಲಿ ಜೋಳದ ಹಿಟ್ಟು ನಾದಿ, ಉಂಡೆ ಮಾಡಿ, ರೊಟ್ಟಿ ಬಡಿಯತೊಡಗಿದಳು.

ನಿಂಬೆವ್ವ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಊಟದ ಕಡೆ ಗಮನ ಇರಲಿಲ್ಲ. ಕಣ್ಣು ಸುಮ್ಮನೆ ದುರುಗವ್ವನ ಅಂಗೈ ಮೇಲೆ ನೆಟ್ಟಿತ್ತು. ಪಟಪಟ ಬಡಿದ ಹಾಗೆ ಹಿಟ್ಟು ನಡುವಿನಿಂದ ಹೊರಕ್ಕೆ, ಎಲ್ಲ ಕಡೆಗೂ ಸಮ ಸರಿಯುತ್ತಿತ್ತು.

"ಯವ್ವಾ," ಅಂದಳು, "ಒಂದು ಚೌಕ ರೊಟ್ಟಿ ಬಡಿ."

"ತಲಿಗೆ ನೀರು ಹೋತೇನ?"

"ಬಡಿ ಅಂತೀನಲ್ಲ."

ದುರುಗವ್ವ ಬಡಿದಳು. ಎಷ್ಟು ಬಡಿದರೂ ದುಂಡಗೇ ಬಂತು. ಬೆರಳಿನಿಂದ ಮೂಲೆ ಎಳೆದಳು, ಮೂಲೆ ಸೀಳಿತು. ಮತ್ತೆ ಅಂಟಿಸಿದಳು, ಮತ್ತೆ ಸೀಳಿತು.

"ಕೈ ಹೇಳಿದಂಗ ಹಿಟ್ಟು ಹೋಗತೈತಿ," ಎಂದಳು ದುರುಗವ್ವ ಬೇಜಾರಾಗಿ. "ನಡುಕ ಬಡದ್ರ ಸುತ್ತಲೂ ಸಮ ಹೋಗತೈತಿ. ಅದಕ್ಕ ಮೂಲಿ ಅನ್ನೂದ ಗೊತ್ತಿಲ್ಲ. ಮೂಲಿ ನಿನ್ನ ತಲ್ಯಾಗ ಐತಿ."

ನಿಂಬೆವ್ವ ಎದ್ದು ಓಡಿದಳು.

ಸೋರುತ್ತಿದ್ದ ಜೋಡಿನ ಮುಂದೆ ಕೂತು, ಸೆರಗಿನಿಂದ ಒಂದು ದಾರ ಎಳೆದು, ಪೈಪಿನ ಮೈಯಿಂದ ಮೂಲೆಯ ಬೋಲ್ಟಿಗೆ ಹಿಡಿದು ನೋಡಿದಳು. ಪೈಪಿನ ಮೈಯಿಂದ ಬದಿಯ ನಡುವಿಗೆ ಹಿಡಿದಳು. ಒಂದು ಉದ್ದ, ಒಂದು ಗಿಡ್ಡ.

ಹಿಂದೆ ಮೌನಪ್ಪನವರು ಬಂದು ನಿಂತಿದ್ದರು. ತಾವಾಗಿ ಬಗ್ಗಿ, ಮೊಣಕಾಲೂರಿ ಅವಳ ಪಕ್ಕ ಕೂತರು.

"ಏನ ಕಂಡಿ?" ಕೇಳಿದರು.

"ನೀರಿಗೆ ಮೂಲಿ ಗೊತ್ತಿಲ್ಲ ರಿ. ಒಳಗಿಂದ ಸುತ್ತಲೂ ಸಮ ನೂಕತೈತಿ. ನಾ ಮಾತ್ರ ನಾಕು ಬೋಲ್ಟು ದೂರ ಮೂಲ್ಯಾಗ ಇಟ್ಟು, ನೀರು ನೂಕೂ ಜಾಗಾ ಖಾಲಿ ಬಿಟ್ಟೀನಿ."

"ಮತ್ತ?"

"ದುಂಡಗ ಇದ್ರ ಎಲ್ಲಾ ಬೋಲ್ಟೂ ನೀರಿಗೆ ಅಷ್ಟ ಹತ್ರ. ಒಂದಕ್ಕೊಂದು ಅಷ್ಟ ದೂರ. ಹಿಡಿಯೂ ಭಾರ ಎಲ್ಲಾರೂ ಸಮ ಹಂಚಿಕೊಂತಾರ. ಪ್ಯಾಕಿಂಗಿನ ಮ್ಯಾಲೆ ಸುತ್ತಲೂ ಒಂದ ಬಿಗಿ."

"ಚೌಕಕ್ಕ ಎಂಟು ಬೋಲ್ಟು ಹಾಕಿದ್ರ?"

ನಿಂಬೆವ್ವ ದಾರ ಹಿಡಿದು ಮತ್ತೆ ಯೋಚಿಸಿದಳು.

"ಬದಿಗೆ ಇದ್ದ ನಾಕಕ್ಕ ಭಾರ ಜಾಸ್ತಿ, ಮೂಲ್ಯಾಗ ಇದ್ದ ನಾಕಕ್ಕ ಆರಾಮ. ಎಂಟನ್ನೂ ದುಂಡಗ ಸುತ್ತಲೂ ಇಟ್ರ ಸೋರೂದಿಲ್ಲ. ಆದ್ರ ಆವಾಗ ಮೂಲಿಗೆ ಏನೂ ಕೆಲಸ ಇಲ್ಲ."

"ಇದ್ರ ಇರಲಿ. ಏನ ಕೇಳತೈತಿ ಮೂಲಿ?"

"ಹೊರಾವ್ರು ನಾವಲ್ರಿ? ಕೆಲಸ ಮಾಡಲಾರದ ಕಬ್ಬಣಾ ಯಾಕ ಗುಡ್ಡ ಹತ್ತಿಸಬೇಕು?"

ಮೌನಪ್ಪನವರು ತಲೆಯಾಡಿಸಿದರು. "ಒಂಬತ್ತನೇ ಜೋಡಿನಾಗ ಸುತ್ತಿಗಿ ತಗೊಂಡಿ. ಅದು ಯಾಕ?"

ನಿಂಬೆವ್ವನ ಮೋರೆ ಕೆಂಪಾಯಿತು. ಅವರು ನೋಡಿಲ್ಲ ಅಂದುಕೊಂಡಿದ್ದಳು.

"ಚೌಕ ನಾಕ ರೀತಿ ಕೂಡತೈತಿ ರಿ. ದುಂಡಗಿದ್ದು ಎಂಟು ತೂತು ಇದ್ರ ತುಸು ತಿರುವಿದ್ರ ಸಾಕು, ಮುಂದಿನ ತೂತು ಬರತೈತಿ. ಸುತ್ತಿಗಿ ಬೇಕಾಗೂದಿಲ್ಲ."

"ಹೂಂ," ಅಂದರು ಮೌನಪ್ಪನವರು. "ಆ ದಾರ ಇತ್ತ ಕೊಡು" ಎಂದು ಇಸಿದುಕೊಂಡು, ತಾವೂ ಒಂದು ಸಲ ಹಿಡಿದು ನೋಡಿದರು.

ಹಳ್ಳಿಯವರಿಗೆ ನಿಂಬೆವ್ವ ಹದಿನೆಂಟು ದಿನ ಕೇಳಿದಳು.

"ಎರಡು ಬ್ಯಾಸಿಗಿ ತೋಡಾವ್ರಿಗೆ ಹದಿನೆಂಟು ದಿನ ಯಾವ ಲೆಕ್ಕ?" ಎಂದಳು ದುರುಗವ್ವ. "ಆದ್ರ ಹತ್ತೊಂಬತ್ತನೇ ದಿನ ನನ್ನ ಕೊಡಾ ನೀ ಹೊರಬೇಕಾಗತೈತಿ."

ನಲವತ್ತೂ ಫ್ಲ್ಯಾಂಜುಗಳನ್ನು ಪೈಪಿನಿಂದ ಬಿಡಿಸಿ ತಂದಳು. ಬಾಗಿದ್ದನ್ನು ಕಾಯಿಸಿ ಬಡಿದು ನೇರ ಮಾಡಿದಳು. ಮೂಲೆಗಳನ್ನು ಕತ್ತರಿಸಿದಳು. ಮೂಲೆಯ ಜೊತೆ ಹಳೆಯ ತೂತುಗಳೂ ಹೋದವು. ಲೇತಿಗೆ ಕಟ್ಟಿ ಅಂಚು ತಿರುಗಿಸಿದಳು. ಒಂದು ದುಂಡು ಗೆರೆ ಎಳೆದು, ಅದರ ಮೇಲೆ ಸಮ ಅಂತರದಲ್ಲಿ ಎಂಟೆಂಟು ತೂತು ಕೊರೆದಳು.

ಶೆಡ್ಡಿನ ಬಾಗಿಲಲ್ಲಿ ಕತ್ತರಿಸಿದ ಮೂಲೆಗಳು ರಾಶಿ ಬಿದ್ದವು. ನೂರ ಅರವತ್ತು.

"ಇಷ್ಟೂ ಏನ ಮಾಡತಿದ್ದು?" ಕೇಳಿದರು ಮೌನಪ್ಪನವರು.

"ಕುಂತು ಉಣತಿದ್ದು ರಿ."

ಎಲ್ಲವನ್ನೂ ಮತ್ತೆ ಪೈಪಿನ ಬಾಯಿಗೆ ಬೆಸೆದು, ಹದಿನೇಳನೆಯ ದಿನ ಜೋಡಿಸಲು ಹೋದಳು. ಈ ಸಲ ಒಂದು ಬೋಲ್ಟನ್ನು ಅರ್ಧ ಬಿಗಿದಳು, ಆಮೇಲೆ ಅದರ ನೇರ ಎದುರಿನದನ್ನು. ಮತ್ತೆ ಬದಿಯದು, ಮತ್ತೆ ಅದರ ಎದುರಿನದು. ಯಾವ ಬೋಲ್ಟಿಗೂ ಒಂದೇ ಸಲಕ್ಕೆ ಪೂರ್ತಿ ಭಾರ ಹೊರಿಸಲಿಲ್ಲ. ಮೂರು ಸುತ್ತು ಹಾಗೇ ಬಂದಳು. ಒಂಬತ್ತನೆಯ ಜೋಡಿನಲ್ಲಿ ಪೈಪನ್ನು ಒಂದು ತೂತಿನಷ್ಟು ತಿರುವಿದಳು. ಎಂಟೂ ಬೋಲ್ಟು ಕೈಯಿಂದಲೇ ಒಳಗೆ ಹೋದವು.

ಹದಿನೆಂಟನೆಯ ದಿನ ಮೋಟಾರು ಹಚ್ಚಿದರು.

ನೀರು ಗುಡ್ಡ ಹತ್ತಿತು.

ಒಂದು ತಾಸಿನ ಮೇಲೆ ಮೌನಪ್ಪನವರು ಎದ್ದರು. ಎಪ್ಪತ್ತು ದಾಟಿದವರು. ಕೆಳಗಿನ ಜೋಡಿನಿಂದ ಶುರು ಮಾಡಿ ಇಪ್ಪತ್ತು ಕಡೆ ಬಗ್ಗಿದರು. ಇಪ್ಪತ್ತು ಕಡೆ ಕನ್ನಡಕ ಏರಿಸಿ, ಸಂದಿನ ಸುತ್ತ ಬೆರಳು ಆಡಿಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ನಿಂಬೆವ್ವ ಹಿಂದೆ ಹಿಂದೆ ಗುಡ್ಡ ಹತ್ತಿದಳು. ಅವಳ ಹಿಂದೆ ಹಳ್ಳಿ ಹತ್ತಿತು.

ಇಪ್ಪತ್ತನೆಯ ಜೋಡಿನ ಮುಂದೆ ಅವರು ಬಹಳ ಹೊತ್ತು ನಿಂತರು. ಬೂದಿ ಉದುರಿ ಗಾಳಿಗೆ ಹಾರಿತು. ಅಷ್ಟು ಒಣಗಿತ್ತು.

ಮೇಲಿನಿಂದ ಕೂಗು ಕೇಳಿಸಿತು. ಪರೀಕ್ಷೆ ಮುಗಿಯುವ ತನಕ ಮುಚ್ಚಿಟ್ಟಿದ್ದ ಪೈಪಿನ ಬಾಯಿ ಬಿಚ್ಚಿದ್ದರು, ನೀರು ಬಂದಿತ್ತು.

ದುರುಗವ್ವ ಖಾಲಿ ಕೊಡವನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದಳು. ಓಡುತ್ತ ತಿರುಗಿ ಕೇಳಿದಳು: "ಮೌನಪ್ಪಣ್ಣಾ, ಊರಾಗ ಕೇಳಿದ್ರ ಲೈನು ಯಾರು ಮಾಡಿದ್ರು ಅಂತ ಹೇಳಲಿ?"

"ಮಿಸ್ತ್ರಿ ನಿಂಬೆವ್ವ," ಅಂದರು ಮೌನಪ್ಪನವರು, ಅರವತ್ತು ಮನೆಗೂ ಕೇಳುವ ಹಾಗೆ.

ಆಮೇಲೆ ಗುಡ್ಡ ಇಳಿಯುವಾಗ ನಿಂಬೆವ್ವ ಕೇಳಿದಳು: "ಗುರುಗಳ, ಒಂದು ಮಾತು ಕೇಳಲೇನ್ರಿ?"

"ಮಿಸ್ತ್ರಿ ಆದಾಕಿ ಅಪ್ಪಣಿ ಯಾಕ ಕೇಳತಿ?"

"ಚೌಕ ಸೋರತೈತಿ ಅಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಮಂದಿ ಮುಂದ ನನ್ನ ಯಾಕ ನಿಲ್ಲಿಸಿದ್ರಿ?"

ಮೌನಪ್ಪನವರು ಕಲ್ಲು ನೋಡಿಕೊಂಡು ನಾಲ್ಕು ಹೆಜ್ಜೆ ಇಳಿದರು.

"ಗೊತ್ತಿರಲಿಲ್ಲ," ಅಂದರು.

"ಏನ್ರಿ?"

"ದುಂಡಗ ಮಾಡು ಅಂತ ನಮ್ಮ ಗುರುಗಳು ಹೇಳಿದ್ರು. ಯಾಕ ಅಂತ ಕೇಳಾಕ ನನಗ ಎದಿ ಆಗಲಿಲ್ಲ. ನಲವತ್ತು ವರ್ಷ ಮಾಡಿದೆ. ನೀ ಚೌಕ ತಂದು ಮುಂದ ಇಟ್ಟಾಗ, ಸೋರತೈತೋ ಇಲ್ಲೋ ನೋಡಬೇಕಂತ ನನಗೂ ಆಸೆ ಆತು."

ನಿಂಬೆವ್ವ ಇಳಿಯುವುದನ್ನು ಬಿಟ್ಟು ಅಲ್ಲೇ ನಿಂತಳು.

ಮೌನಪ್ಪನವರು ತಿರುಗಿ ನಿಂತರು. ಮೋರೆಯಲ್ಲಿ ನಗೆ ತುಂಬಿತ್ತು.

"ಜೀವನಾ ಪೂರ್ತಿ ನಾ ಮಾಡಿದ ಕೆಲಸದ ಅರ್ಥ ನನ್ನ ಶಿಷ್ಯೆ ನನಗ ಹೇಳಿಕೊಟ್ಟಳು. ಇಷ್ಟು ಸೊಕ್ಕು ನನಗ ಯಾವತ್ತೂ ಬಂದಿರಲಿಲ್ಲ. ನನಗ ಹೇಳಿದಂಗ ಮುಂದಿನವರಿಗೂ ಹೇಳು, ಮಿಸ್ತ್ರಿ. ಆದ್ರ ಅವರು ಒಂದು ಸಲ ಸೋರಿಸಿಕೊಂಡ ಮ್ಯಾಲೆ ಹೇಳು."